ಪತ್ರಿಕೋದ್ಯಮ ಡಿಗ್ರಿಗೆ ಏಳೂವರೆ ಲಕ್ಷ ಸಾಲ, ತೀರಿಸೋಕಾಗುತ್ತಾ?

ಮಡಿಕೇರಿ_ಮಂಜು · ಸಂಜೆ 6:40

ಮಗಳ ಪಿಯುಸಿ ಮುಗೀತು. ಮಾಸ್ ಕಮ್ಯುನಿಕೇಷನ್ನೇ ಬೇಕು ಅಂತ ಕೂತಿದ್ದಾಳೆ. ಎರಡು ದಾರಿ ಕಾಣ್ತಿದೆ.

ಒಂದು, ಬೆಂಗಳೂರಿನ ಖಾಸಗಿ ವಿವಿಯಲ್ಲಿ ಮೂರು ವರ್ಷದ ಬಿಎ. ಫೀಸು ವರ್ಷಕ್ಕೆ 2 ಲಕ್ಷ, ಪಿಜಿ (ಪೇಯಿಂಗ್ ಗೆಸ್ಟ್) ಊಟ ಎಲ್ಲ ಸೇರಿ 1.2 ಲಕ್ಷ. ಮೂರು ವರ್ಷಕ್ಕೆ 9.6 ಲಕ್ಷ. ಅದರಲ್ಲಿ 7.5 ಬ್ಯಾಂಕ್ ಸಾಲ, ಮಿಕ್ಕಿದ್ದು ಕೈಯಿಂದ.

ಎರಡು, ಇಲ್ಲೇ ಜಿಲ್ಲೆಯೊಳಗೆ ಬಿಎ, ಆಮೇಲೆ ಮೈಸೂರು ಅಥವಾ ಮಂಗಳೂರು ವಿವಿಯಲ್ಲಿ ಎರಡು ವರ್ಷ ಎಂಸಿಜೆ, ಅಂದ್ರೆ ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿ. ಇದಕ್ಕೆ ಸಾಲ ಅಂತ ಮಾಡಿದ್ರೂ 2 ಲಕ್ಷ ದಾಟಲ್ಲ.

ಓದು ಮುಗಿದು ಒಂದು ವರ್ಷದ ತನಕ ಒಂದು ಪೈಸೆ ಕಟ್ಟೋದು ಬೇಡ ಅಂದ್ರು ಬ್ಯಾಂಕ್‌ನವರು. ಕೆಲಸ ಸಿಕ್ಕ ಮೇಲೆ ಇದು ತೀರುತ್ತಾ? ಲೆಕ್ಕ ಗೊತ್ತಿರೋರು ಹೇಳಿ. "ಮಕ್ಕಳ ಇಷ್ಟಕ್ಕೆ ಬಿಡಿ" ಅನ್ನೋ ಉಪದೇಶ ಬೇಡ, ಅದು ಮನೇಲಿ ದಿನಾ ಸಿಗ್ತಿದೆ.

ಸೋಮಾರಿಪೇಟೆ · 6:44

ಆರ್ಮಿಗೆ ಕಳ್ಸಿ. ಸಾಲವೂ ಇಲ್ಲ, ಕ್ಯಾಂಟೀನ್ ಕಾರ್ಡೂ ಸಿಗುತ್ತೆ.

ಹಾರಂಗಿ_ಹಿನ್ನೀರು · 6:46

ಕೊಡಗಿನ ಯಾವ ಚರ್ಚೆ ತೆಗೆದ್ರೂ ಮೂರನೇ ಮಾತಿಗೆ ಆರ್ಮಿ. ಇವತ್ತು ಮೊದಲನೇ ಮಾತಿಗೇ ಬಂತು.

ಬಡ್ಡಿಬಸವ · 7:15

ಕಟ್ಟೋದು ಬೇಡ ಅಂದ್ರು ತಾನೆ? ಬಡ್ಡಿ ಓಡಲ್ಲ ಅಂತೇನೂ ಅವರು ಹೇಳಿಲ್ಲ, ಗಮನಿಸಿ.

ವರ್ಷದ ಶುರುವಿಗೆ ತಲಾ 2.5 ಲಕ್ಷದ ಮೂರು ಕಂತು ಬಿಡುಗಡೆ ಆಯ್ತು, ಬಡ್ಡಿ 10% ಅಂತ ಇಟ್ಕೊಳ್ಳಿ. ಓದಿನ 3 ವರ್ಷ, ಮೇಲೆ 1 ವರ್ಷ, ಒಟ್ಟು 4 ವರ್ಷ ಮೊರಟೋರಿಯಂ, ಅಂದ್ರೆ ಕಂತು ಕಟ್ಟಬೇಕಿಲ್ಲದ ಅವಧಿ. ಆ ಅವಧಿಗೆ ಸರಳ ಬಡ್ಡಿ. ಮೊದಲ ಕಂತಿಗೆ 4 ವರ್ಷದ ಬಡ್ಡಿ 1 ಲಕ್ಷ, ಎರಡನೇದಕ್ಕೆ 3 ವರ್ಷದ್ದು 75 ಸಾವಿರ, ಮೂರನೇದಕ್ಕೆ 2 ವರ್ಷದ್ದು 50 ಸಾವಿರ. ಕೂಡಿದ್ರೆ 2.25 ಲಕ್ಷ. ಅದು ಅಸಲಿಗೆ ಸೇರುತ್ತೆ. ಇಎಂಐ ಶುರುವಾಗೋ ದಿನ ನಿಮ್ಮ ಸಾಲ 7.5 ಅಲ್ಲ, 9.75 ಲಕ್ಷ.

10 ವರ್ಷಕ್ಕೆ ಹಾಕಿದ್ರೆ ತಿಂಗಳಿಗೆ 12,885, ಒಟ್ಟು ಕಟ್ಟೋದು 15.46 ಲಕ್ಷ.
15 ವರ್ಷಕ್ಕೆ ಹಾಕಿದ್ರೆ 10,477, ಒಟ್ಟು 18.86 ಲಕ್ಷ. ಕೊನೇ ಕಂತಿನ ಹೊತ್ತಿಗೆ ಮಗಳಿಗೆ 37.

ಎರಡನೇ ದಾರಿ ನೋಡಿ. ಎಂಸಿಜೆಗೆ ವರ್ಷಕ್ಕೆ 1 ಲಕ್ಷದಂತೆ 2 ಲಕ್ಷ. ಮೊರಟೋರಿಯಂ 3 ವರ್ಷ, ಬಡ್ಡಿ 50 ಸಾವಿರ. 2.5 ಲಕ್ಷಕ್ಕೆ 5 ವರ್ಷದ ಇಎಂಐ 5,312. ಎರಡು ವರ್ಷ ಜಾಸ್ತಿ ಓದಿದ್ರೂ 29ಕ್ಕೆ ಸಾಲದಿಂದ ಹೊರಗೆ.

ಮಡಿಕೇರಿ_ಮಂಜು · 7:21

9.75?! ಕೌಂಟರಲ್ಲಿ ಈ ಅಂಕಿ ಯಾರೂ ಬಾಯಿ ಬಿಡ್ಲಿಲ್ಲ.

ಬಡ್ಡಿಬಸವ · 7:24

ಬಾಯಿ ಬಿಡಲ್ಲ, ಮಂಜೂರಾತಿ ಪತ್ರದಲ್ಲಿ ಬರೆದಿರ್ತಾರೆ. "ಮೊರಟೋರಿಯಂ ಅವಧಿಯ ಬಡ್ಡಿಯನ್ನು ಅಸಲಿಗೆ ಸೇರಿಸಿ ಸಮಾನ ಕಂತು ನಿಗದಿಪಡಿಸಲಾಗುವುದು" ಅನ್ನೋ ಅರ್ಥದ ಸಾಲು ಎರಡನೇ ಮೂರನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಇರುತ್ತೆ. ಸಹಿ ಹಾಕೋ ಮುಂಚೆ ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು "ಆ ದಿನಕ್ಕೆ ಬಾಕಿ ಎಷ್ಟಾಗುತ್ತೆ, ಇಲ್ಲಿ ಬರ್ಕೊಡಿ" ಅಂತ ಕೇಳಿ.

ಡೆಸ್ಕ್_ಪಾಳಿ · 7:50

ಸಾಲದ ಕಡೆ ಆಯ್ತು, ಸಂಬಳದ ಕಡೆಗೂ ಬನ್ನಿ. ಬ್ರೋಷರಲ್ಲಿ "3.6 ಲಕ್ಷ ಪ್ಯಾಕೇಜ್" ಅಂತ ಇದ್ರೆ ಅದನ್ನ ತಿಂಗಳಿಗೆ 30 ಸಾವಿರ ಅಂತ ಓದ್ಕೋಬೇಡಿ. ಬೇಸಿಕ್ 15 ಸಾವಿರ ಇದ್ರೆ ಹೀಗೆ ಕರಗುತ್ತೆ: ಕಂಪನಿ ಪಾಲಿನ ಪಿಎಫ್ 1,800, ಗ್ರಾಚ್ಯುಟಿ ಹೆಸರಲ್ಲಿ ಬೇಸಿಕ್‌ನ 4.81% ಅಂದ್ರೆ 722, ಎರಡೂ ಆ 30ರ ಒಳಗೇ. ಉಳಿಯೋದು 27,478. ಅದರಲ್ಲಿ ನೌಕರರ ಪಾಲಿನ ಪಿಎಫ್ ಮತ್ತೆ 1,800, ವೃತ್ತಿ ತೆರಿಗೆ 200. ಕೈಗೆ 25,478.

12,885 ತೆಗೀರಿ. 12,593ರಲ್ಲಿ ಬೆಂಗಳೂರಿನ ಪಿಜಿ, ಊಟ, ಬಸ್ಸು, ಫೋನು. ಆಗಲ್ಲ. ಇದರ ಮೇಲೆ "ವೇರಿಯಬಲ್ ಪೇ" ಅಂತ 10% ಹಿಡಿದಿಟ್ಟಿದ್ರಂತೂ ಕೇಳೋದೇ ಬೇಡ.

ಪತ್ರಿಕೆ, ಚಾನೆಲ್‌ಗಳಲ್ಲಿ ಟ್ರೈನಿ ಅಂತ ಸೇರಿದ್ರೆ ಮೊದಲ ಆರು ತಿಂಗಳೋ ವರ್ಷವೋ ಇದಕ್ಕಿಂತ ಕಡಿಮೆ ಸ್ಟೈಪೆಂಡ್ ಇರೋದೇ ಹೆಚ್ಚು. ಊರಲ್ಲೇ ಸ್ಟ್ರಿಂಗರ್ ಆಗ್ತೀನಿ ಅಂದ್ರೆ ಸಂಬಳ ಅನ್ನೋ ಪದವೇ ಇಲ್ಲ, ಸುದ್ದಿಗಿಷ್ಟು ಫೋಟೋಗಿಷ್ಟು.

ಗೋಣಿಕೊಪ್ಪ_ಗುಬ್ಬಿ · 8:05

ಎಲ್ರೂ ಬರೀ ನ್ಯೂಸ್‌ರೂಮ್ ಲೆಕ್ಕ ಹಾಕ್ತಿದ್ದೀರಿ. ಕಮ್ಯುನಿಕೇಷನ್ ಅಂದ್ರೆ ಪಿಆರ್, ಜಾಹೀರಾತು, ಕಾರ್ಪೊರೇಟ್ ಕಮ್ಯುನಿಕೇಷನ್, ಕಂಟೆಂಟ್, ವಿಡಿಯೊ ಎಡಿಟಿಂಗ್ ಎಲ್ಲವೂ. ಆ ಕಂಪನಿಗಳೆಲ್ಲ ಇರೋದು ಬೆಂಗಳೂರಲ್ಲಿ. ಮೂರು ವರ್ಷ ಅಲ್ಲೇ ಇದ್ರೆ ವಾರಕ್ಕೆರಡು ದಿನ ಇಂಟರ್ನ್ ಆಗಿ ಹೋಗ್ಬಹುದು. ಮಡಿಕೇರಿಯಿಂದ ಹೋಗೋಕಾಗುತ್ತಾ?

ಡೆಸ್ಕ್_ಪಾಳಿ · 8:11

ಅದು ಒಪ್ಪೋ ಮಾತು. ಆದ್ರೆ ಇಂಟರ್ನ್‌ಶಿಪ್ ಅನ್ನೋದು ಎಂಟು ವಾರದ ವಿಷಯ. ಏಪ್ರಿಲ್-ಮೇ ರಜೆಯಲ್ಲಿ ಬೆಂಗಳೂರಲ್ಲಿ ಪಿಜಿ ಹಿಡಿದು ಮಾಡಿದ್ರೂ ಆಗುತ್ತೆ. ಅದಕ್ಕೋಸ್ಕರ ಮೂರು ವರ್ಷದ ಫೀಸು ಕೊಡ್ಬೇಕಾ?

ಪಿಆರ್ ಏಜೆನ್ಸಿ ಸಂದರ್ಶನದಲ್ಲಿ ಏನಾಗುತ್ತೆ ಗೊತ್ತಾ? ಒಂದು ಪುಟದ ಇಂಗ್ಲಿಷ್ ಪ್ರಕಟಣೆ ಕೊಟ್ಟು ಅರ್ಧ ಗಂಟೆಯಲ್ಲಿ ಕನ್ನಡ ಮಾಡಿ ಅಂತಾರೆ. "ಸ್ಟೇಕ್‌ಹೋಲ್ಡರ್ಸ್" ಅನ್ನೋ ಪದ ಬಂದಾಗ "ಪಾಲುದಾರರು" ಅಂತ ಬರೆದು ಮುಂದೆ ಹೋಗೋರು ಒಂದು ಕಡೆ. ಈ ಸುದ್ದಿಯಲ್ಲಿ ಅದು ರೈತರೋ, ಷೇರುದಾರರೋ, ಊರಿನವರೋ ಅಂತ ನೋಡಿ ಬರೆಯೋರು ಇನ್ನೊಂದು ಕಡೆ. ಎರಡನೇ ಥರದವರು ಬೇಕು. ಅದಕ್ಕೆ ಕಾಲೇಜಿನ ಹೆಸರು ನೆರವಿಗೆ ಬರಲ್ಲ, ಎರಡೂ ಭಾಷೆಯಲ್ಲಿ ದಿನಾ ಬರೆದ ಕೈ ಬೇಕು.

ಗೋಣಿಕೊಪ್ಪ_ಗುಬ್ಬಿ · 8:14

ಶಾರ್ಟ್‌ಲಿಸ್ಟ್ ಆಗಿ ಆ ಪರೀಕ್ಷೆಗೆ ಕೂರೋದಕ್ಕೇ ಕಾಲೇಜಿನ ಹೆಸರು ಬೇಕು ಸ್ವಾಮಿ.

ಡೆಸ್ಕ್_ಪಾಳಿ · 8:16

ಹೆಸರಿರೋ ಕಾಲೇಜು ಅಂದ್ರೆ ಬೆರಳಲ್ಲಿ ಎಣಿಸೋಷ್ಟು. ಬೆಂಗಳೂರಲ್ಲಿದೆ ಅನ್ನೋ ಒಂದೇ ಕಾರಣಕ್ಕೆ ಹೆಸರು ಬರಲ್ಲ. ಮಂಜು ಅವರೇ, ಪ್ಲೇಸ್‌ಮೆಂಟ್ ಸೆಲ್‌ಗೆ ಹೋಗಿ ನಾಲ್ಕು ಅಂಕಿ ಕೇಳಿ. ಕಳೆದ ಬ್ಯಾಚಿನಲ್ಲಿ ಎಷ್ಟು ಜನ ಓದಿದ್ರು, ಎಷ್ಟು ಜನಕ್ಕೆ ಆಫರ್ ಲೆಟರ್ ಬಂತು, ಸಂಬಳದ ಸಾಲಿನಲ್ಲಿ ನಟ್ಟನಡುವಿನವರಿಗೆ ಎಷ್ಟು, ಹುದ್ದೆಯ ಹೆಸರು ಏನು. ಸರಾಸರಿ ಬೇಡ. ಒಬ್ಬರಿಗೆ 12 ಲಕ್ಷ, ಒಂಬತ್ತು ಜನಕ್ಕೆ 2.4 ಲಕ್ಷ ಸಿಕ್ರೂ ಸರಾಸರಿ 3.36 ಅಂತ ಹೊಳೆಯುತ್ತೆ. ಹುದ್ದೆ ಹೆಸರು ಯಾಕೆ ಅಂದ್ರೆ "ಮೀಡಿಯಾ ಎಕ್ಸಿಕ್ಯುಟಿವ್" ಅಂತ ಬರೆದಿರೋದು ಎಷ್ಟೋ ಸಲ ಜಾಹೀರಾತು ಜಾಗ ಮಾರೋ ಟಾರ್ಗೆಟ್ ಕೆಲಸ.

ಕಾಫಿಹೂ · 8:30

ಮೊದಲ ವರ್ಷದ ಸಂಬಳಕ್ಕಿಂತ ಒಟ್ಟು ಸಾಲ ಜಾಸ್ತಿ ಆಗಬಾರದು ಅಂತ ಒಂದು ನಿಯಮ ಇದ್ಯಲ್ಲ? 3.6 ಲಕ್ಷ ಸಂಬಳ ಅಂದ್ರೆ ಸಾಲ 3.6 ದಾಟಬಾರದು.

ಬಡ್ಡಿಬಸವ · 8:41

ಅದು ಅಮೆರಿಕದಿಂದ ಬಂದ ಸೂತ್ರ, ಹಾಗೇ ಇಳಿಸ್ಕೊಂಡ್ರೆ ಇಲ್ಲಿ ಸಡಿಲ ಆಗುತ್ತೆ. ಅಲ್ಲಿ ಡಿಗ್ರಿ ವಿದ್ಯಾರ್ಥಿಗೆ ಫೆಡರಲ್ ಸಾಲದ ಬಡ್ಡಿ 2024-25ರಲ್ಲಿ 6.53%, ಅದೂ ಸ್ಥಿರ. ಆದಾಯ ಕಡಿಮೆ ಇದ್ರೆ ಕಂತು ಇಳಿಸೋ ವ್ಯವಸ್ಥೆ ಕೂಡ ಉಂಟು. ನಮ್ಮಲ್ಲಿ ಸಂಬಳ 18 ಸಾವಿರ ಆಗ್ಲಿ 80 ಸಾವಿರ ಆಗ್ಲಿ, ಕಂತು ಅದೇ. ಬಡ್ಡಿಯೂ ರೆಪೊ (ಆರ್‌ಬಿಐ ಬ್ಯಾಂಕ್‌ಗಳಿಗೆ ಕೊಡೋ ಸಾಲದ ದರ) ಹಿಂದೆ ಏರಿಳಿಯುತ್ತೆ.

ಇಲ್ಲಿಗೆ ತಿರುಗುಮುರುಗಾ ಲೆಕ್ಕ ಸರಿ. ಕೈಗೆ ಬರೋ ಸಂಬಳದ ಕಾಲು ಭಾಗಕ್ಕಿಂತ ಇಎಂಐ ಹೆಚ್ಚಾಗಬಾರದು. 12,885ನ್ನು ನಾಲ್ಕರಿಂದ ಗುಣಿಸಿ: 51,540. ಮೊದಲ ಕೆಲಸದಲ್ಲೇ ಕೈಗೆ ಅಷ್ಟು ಬರೋ ಕಮ್ಯುನಿಕೇಷನ್ ಹುದ್ದೆ ತೋರಿಸಿದ್ರೆ ನಾನು ಸುಮ್ನಾಗ್ತೀನಿ. 5,312ಕ್ಕೆ ಬೇಕಾಗಿರೋದು 21,248. ಇದು ಸಾಧ್ಯ ಇರೋ ಅಂಕಿ.

ಬಾಣೆ_ಪೈಸಾರಿ · 9:02

7.5 ಅಂದಿದ್ದೀರಿ, ಅದನ್ನ ಒಂದು ರೂಪಾಯಿಯೂ ದಾಟಿಸ್ಬೇಡಿ. 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಖಾತರಿ ನಿಧಿ ಇದೆ, 2015ರಿಂದ. ಅಲ್ಲಿವರೆಗೆ ಅಡಮಾನ ಬೇಡ, ಮೂರನೆಯವರ ಜಾಮೀನೂ ಬೇಡ, ಅಪ್ಪನೋ ಅಮ್ಮನೋ ಸಹಸಾಲಗಾರರಾಗಿ ಸಹಿ ಹಾಕಿದ್ರೆ ಸಾಕು. 4 ಲಕ್ಷದ ಮೇಲಿದ್ರೆ 5% ಮಾರ್ಜಿನ್ ನಿಮ್ಮ ಕೈಯಿಂದ. 7.5 ದಾಟಿತೋ, ಆಸ್ತಿ ಕೇಳ್ತಾರೆ. ಆಗ ಶುರು ನಮ್ಮ ಜಿಲ್ಲೆಯ ರಾಮಾಯಣ.

ಜಮ್ಮಾ ಬಾಣೆ, ಅಂದ್ರೆ ಒಕ್ಕಕ್ಕೆ (ಮನೆತನಕ್ಕೆ) ಪರಂಪರೆಯಿಂದ ಬಂದ ಜಮೀನು, ಅದರ ಆರ್‌ಟಿಸಿ (ಪಹಣಿ) ತೆಗೆದು 9ನೇ ಕಲಂ ನೋಡಿ. ಪಟ್ಟೇದಾರರ ಹೆಸರು, ಕೆಳಗೆ ಒಕ್ಕದ ಹತ್ತಿಪ್ಪತ್ತು ಹೆಸರು, ಅದರಲ್ಲಿ ಕೆಲವರು ತೀರಿಕೊಂಡು ಎಷ್ಟೋ ವರ್ಷ ಆಗಿರುತ್ತೆ. ಯಾರ ಪಾಲು ಎಷ್ಟು ಅಂತ ಇರಲ್ಲ. ಅನುಭವದಲ್ಲಿರೋ ತೋಟ ನಿಮ್ಮದೇ, ಬೇಲಿಯೂ ನಿಮ್ಮದೇ, ಆದ್ರೆ ಬ್ಯಾಂಕಿನ ವಕೀಲರು ಟೈಟಲ್ ಸ್ಪಷ್ಟ ಇಲ್ಲ ಅಂತ ಫೈಲ್ ವಾಪಸ್ ಕಳಿಸ್ತಾರೆ. ಎಲ್ಲರ ಸಹಿ ತಂದು ವಿಭಾಗ ಮಾಡಿಸಿ ಪೋಡಿ ದುರಸ್ತಿ (ಪಾಲು ಅಳೆದು ದಾಖಲೆ ಬೇರೆ ಮಾಡೋದು) ಮುಗಿಯೋ ಹೊತ್ತಿಗೆ ಮಗಳ ಡಿಗ್ರಿಯೇ ಮುಗಿದಿರುತ್ತೆ.

ಹಾರಂಗಿ_ಹಿನ್ನೀರು · 9:06

ಪೋಡಿ ಅಂದ್ರಲ್ಲ, ಸರ್ವೇಯರ್ ಸಿಗೋದು ಹುಲಿ ಕಂಡಷ್ಟೇ ಅಪರೂಪ.

ಸೋಮಾರಿಪೇಟೆ · 9:07

ನಮ್ಮ ಕಡೆ ಹುಲಿ, ಆನೆ ಜಾಸ್ತಿ ಕಾಣುತ್ತೆ.

ಕಾಫಿಹೂ · 9:15

ಅಡಮಾನ ಬೇಡ ಅನ್ನೋ ಸಾಲಕ್ಕೂ ಕೆಲವು ಶಾಖೆಯಲ್ಲಿ "ಒಂದು ಎಫ್‌ಡಿ ಇಡಿ" ಅಂತಾರೆ. ಬಾಯಲ್ಲಿ ವಾದ ಬೇಡ. ವಿದ್ಯಾಲಕ್ಷ್ಮಿ ಪೋರ್ಟಲಲ್ಲಿ ಅರ್ಜಿ ಹಾಕಿದ್ರೆ ನಂಬರ್ ಬರುತ್ತೆ, ತಿರಸ್ಕರಿಸಿದ್ರೆ ಕಾರಣವೂ ಅಲ್ಲೇ ದಾಖಲಾಗ್ಬೇಕು.

ಕೌಂಟರ್_ಮೂರು · 9:33

ಅರ್ಜಿ ಎಲ್ಲಿ ಬೀಳುತ್ತೆ ಅಂದ್ರೆ ಹೆಚ್ಚಾಗಿ ಮಕ್ಕಳ ಮಾರ್ಕ್ಸ್‌ನಲ್ಲಲ್ಲ, ಅಪ್ಪಂದಿರ ಸಿಬಿಲ್‌ನಲ್ಲಿ (ಹಳೇ ಸಾಲ ಹೇಗೆ ತೀರಿಸಿದ್ರು ಅನ್ನೋ ವರದಿ). ಸಾಲಮನ್ನಾ ಬರುತ್ತೆ ಅಂತ ಬೆಳೆ ಸಾಲ ನವೀಕರಿಸದೆ ಬಿಟ್ಟಿರ್ತಾರೆ, ಅದು ಸುಸ್ತಿ ಅಂತ ಕೂತಿರುತ್ತೆ. ಇಲ್ಲಾ ಒಂದು ಸಲ ಒಟಿಎಸ್ (ಸ್ವಲ್ಪ ಬಿಡಿಸ್ಕೊಂಡು ಒಂದೇ ಸಲಕ್ಕೆ ತೀರಿಸೋ ಒಪ್ಪಂದ) ಮಾಡಿ ಮುಗಿಸಿದ್ದು "ಸೆಟಲ್ಡ್" ಅಂತ ಇರುತ್ತೆ. ನಿಮಗದು ಮುಗಿದ ಸಾಲ, ಬ್ಯಾಂಕಿಗದು ಪೂರ್ತಿ ಕಟ್ಟದ ಸಾಲ.

ಹಾಗಾಗಿ ಅರ್ಜಿಗೆ ಎರಡು ತಿಂಗಳ ಮುಂಚೆ ರಿಪೋರ್ಟ್ ತೆಗೆದು ನೋಡಿ. ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಆರ್‌ಟಿಸಿಯ 11ನೇ ಕಲಂನಲ್ಲಿ ತೀರಿಸಿದ ಹಳೇ ಸಾಲ ಋಣ ಅಂತ ಉಳಿದಿದ್ರೆ ಅದನ್ನೂ ತೆಗೆಸಿ. ಅಪ್ಪಂದು ಕೆಟ್ಟಿದ್ರೆ ಅಮ್ಮನ ಹೆಸರು ಹಾಕಿ, ಆದಾಯ ತೋರಿಸೋಕೆ ದಾಖಲೆ ಇದ್ರೆ ನಡೆಯುತ್ತೆ.

ತರಬೇಕಾದ ಕಾಗದ: ಇಬ್ಬರ ಪ್ಯಾನ್, ಆಧಾರ್, ಎಸ್‌ಎಸ್‌ಎಲ್‌ಸಿ ಪಿಯುಸಿ ಅಂಕಪಟ್ಟಿ, ಪ್ರವೇಶ ಪತ್ರ, ಆರು ತಿಂಗಳ ಪಾಸ್‌ಬುಕ್, ನಾಡಕಚೇರಿಯ ಆದಾಯ ಪ್ರಮಾಣಪತ್ರ (ಆರ್‌ಡಿ ನಂಬರ್ ಕಾಣೋ ಪ್ರತಿ). ಎಲ್ಲಕ್ಕಿಂತ ಮುಖ್ಯ, ಮೂರೂ ವರ್ಷದ ಫೀಸು ಬಿಡಿಸಿ ಬರೆದ ಸೀಲು ಹಾಕಿದ ಪತ್ರ. ಬರೀ ಮೊದಲ ವರ್ಷದ್ದು ತರ್ತಾರೆ, ಅಲ್ಲೇ ಸಿಕ್ಕಿಹಾಕ್ಕೊಳ್ಳೋದು. ಫೀಸು ವರ್ಷಕ್ಕೆ 10% ಏರಿದ್ರೆ 2, 2.2, 2.42, ಒಟ್ಟು 6.62 ಲಕ್ಷ. ಮಂಜೂರಾಗಿರೋದು 6ರ ಲೆಕ್ಕದಲ್ಲಿ. 62 ಸಾವಿರ ಮೂರನೇ ವರ್ಷ ಎಲ್ಲಿಂದ ತರ್ತೀರಿ?

ಇನ್ನೊಂದು. ದುಡ್ಡು ನಿಮ್ಮ ಕೈಗೆ ಬರಲ್ಲ, ಪ್ರತಿ ವರ್ಷ ಅಂಕಪಟ್ಟಿ ಕೊಟ್ಟ ಮೇಲೆ ಕಾಲೇಜಿನ ಖಾತೆಗೆ ಹೋಗುತ್ತೆ. ಫಲಿತಾಂಶ ತಡ ಆದ್ರೆ ಬಿಡುಗಡೆಯೂ ತಡ, ಕಾಲೇಜು ದಂಡ ಹಾಕುತ್ತೆ. ಒಂದು ಸೆಮಿಸ್ಟರ್ ಫೀಸಿನಷ್ಟು ಕೈಯಲ್ಲಿ ಇರಲಿ.

ಗೋಣಿಕೊಪ್ಪ_ಗುಬ್ಬಿ · 9:41

ಕ್ಯಾಮೆರಾ, ಲ್ಯಾಪ್‌ಟಾಪ್ ಸಾಲದಲ್ಲಿ ಬರುತ್ತಾ?

ಕೌಂಟರ್_ಮೂರು · 9:45

ಪುಸ್ತಕ, ಲ್ಯಾಪ್‌ಟಾಪ್, ಪ್ರಾಜೆಕ್ಟ್, ಪ್ರವಾಸ ಎಲ್ಲ ಸೇರಿ ಒಟ್ಟು ಬೋಧನಾ ಶುಲ್ಕದ 20% ಒಳಗೆ, ಬಿಲ್ ಮೇಲೆ. ಆದ್ರೆ ಕ್ಯಾಮೆರಾವನ್ನ ಹತ್ತು ವರ್ಷದ ಇಎಂಐಗೆ ತಗೋಬೇಡಿ. ಶೂಟಿಂಗ್ ಅಸೈನ್‌ಮೆಂಟ್ ಸೆಮಿಸ್ಟರಿಗೆ ಎರಡೋ ಮೂರೋ, ದಿನದ ಬಾಡಿಗೆಗೆ ಸಿಗುತ್ತೆ. ಸಾಲದ ಜೊತೆ ವಿಮೆ ಅಂತ ಒಂದು ಪ್ರೀಮಿಯಂ ಅಸಲಿಗೇ ಸೇರಿಸ್ತಾರೆ, ಅದೂ ಕೇಳಿ ತಿಳ್ಕೊಳ್ಳಿ.

ಕಾಫಿಹೂ · 9:52

ಬಡ್ಡಿ ಸಹಾಯಧನದ ಮಾತೇ ಯಾರೂ ಎತ್ತಿಲ್ಲ. ಪಿಎಂ ವಿದ್ಯಾಲಕ್ಷ್ಮಿಗೆ ನವೆಂಬರ್ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಕುಟುಂಬದ ವರ್ಷದ ಆದಾಯ 8 ಲಕ್ಷದೊಳಗಿದ್ರೆ 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ 3% ಬಡ್ಡಿ ಸರ್ಕಾರದ್ದು.

ಕೌಂಟರ್_ಮೂರು · 9:58

ಪೂರ್ತಿ ಹೇಳಿ ಅಕ್ಕ. ಎನ್‌ಐಆರ್‌ಎಫ್ ಅನ್ನೋ ಕೇಂದ್ರದ ಕಾಲೇಜು ಶ್ರೇಯಾಂಕದ ಮೇಲೆ ಆಯ್ದ ಸಂಸ್ಥೆಗಳ ಪಟ್ಟಿ ಇದೆ, ಘೋಷಣೆಯ ಹೊತ್ತಿಗೆ 860. ಆ ಪಟ್ಟಿಯಲ್ಲಿ ಇಲ್ಲದ ಕಾಲೇಜಿಗೆ ಇದು ಇಲ್ಲ. ಮ್ಯಾನೇಜ್‌ಮೆಂಟ್ ಕೋಟಾಕ್ಕೂ ಇಲ್ಲ. 4.5 ಲಕ್ಷದೊಳಗಿನವರಿಗೆ ಪೂರ್ತಿ ಬಡ್ಡಿ ಮನ್ನಾ ಇರೋದು ತಾಂತ್ರಿಕ, ವೃತ್ತಿಪರ ಕೋರ್ಸಿಗೆ. ಬಿಎ ಪತ್ರಿಕೋದ್ಯಮವನ್ನ ವೃತ್ತಿಪರ ಅಂತ ಹಿಡಿದಿದ್ದೀರಾ ಅಂತ ಶಾಖೆಯಿಂದ ಬರಹದಲ್ಲಿ ತಗೊಳ್ಳಿ, ಮಂಜೂರಾಗೋ ಮುಂಚೆ.

ಮಡಿಕೇರಿ_ಮಂಜು · 10:03

ಶಿಕ್ಷಣ ಸಾಲದ ಬಡ್ಡಿಗೆ ಟ್ಯಾಕ್ಸ್ ಉಳಿಯುತ್ತೆ ಅಂತ ಒಬ್ರು ಹೇಳಿದ್ರು, ಅದೇನು?

ಬಡ್ಡಿಬಸವ · 10:10

ಕಟ್ಟಿದ ಬಡ್ಡಿಯನ್ನ ಆದಾಯದಿಂದ ಕಳೆಯೋದು, ಮಿತಿ ಇಲ್ಲ, 8 ವರ್ಷದವರೆಗೆ. ಅಸಲಿಗೆ ಇಲ್ಲ. ಹಳೇ ತೆರಿಗೆ ಪದ್ಧತಿ ಆರಿಸ್ಕೊಂಡ್ರೆ ಮಾತ್ರ. ತಿಂಗಳಿಗೆ 25 ಸಾವಿರ ಬರೋ ಹುಡುಗಿಗೆ ಕಟ್ಟೋಕೆ ತೆರಿಗೆಯೇ ಇರಲ್ಲ, ಉಳಿಸೋದೇನು? ಕಾಫಿ ತೋಟದವರು ಹಸಿ ಹಣ್ಣೋ ಒಣಗಿಸಿದ ಚೆರಿಯೋ ಮಾರಿದ ದುಡ್ಡು ಕೃಷಿ ಆದಾಯ, ಅಲ್ಲೂ ಪ್ರಯೋಜನ ಇಲ್ಲ. ಅಪ್ಪನೋ ಅಮ್ಮನೋ ಸಂಬಳದಾರರಾಗಿದ್ದು ಅವರೇ ಕಂತು ಕಟ್ಟಿದ್ರೆ ಉಪಯೋಗಕ್ಕೆ ಬರಬಹುದು.

ನಿಜವಾಗ್ಲೂ ಉಳಿಯೋದು ಬೇರೆ ಕಡೆ. ಓದುವಾಗಲೇ ಬಡ್ಡಿ ಕಟ್ಟಿಬಿಡಿ. ಮೊದಲ ವರ್ಷ 25 ಸಾವಿರ, ಎರಡನೇದು 50, ಆಮೇಲೆ ಎರಡು ವರ್ಷ 75-75. ಇಎಂಐ ಶುರುವಾಗೋದು 7.5 ಲಕ್ಷದ ಮೇಲೆ, 9,911 ಬರುತ್ತೆ. ಹತ್ತು ವರ್ಷದಲ್ಲಿ 1.32 ಲಕ್ಷ ಉಳೀತು. ಓದುವಾಗ ಬಡ್ಡಿ ಕಟ್ಟೋರಿಗೆ ಆ ಅವಧಿಗೆ 1% ರಿಯಾಯಿತಿ ಕೊಡೋ ಬ್ಯಾಂಕ್‌ಗಳಿವೆ, ಹೆಣ್ಣುಮಕ್ಕಳಿಗೆ 0.5% ಕೊಡೋದೂ ಉಂಟು.

ಬಾಣೆ_ಪೈಸಾರಿ · 10:16

ನಮಗೆ ತಿಂಗಳ ಸಂಬಳ ಎಲ್ಲಿದೆ? ರೊಬಸ್ಟಾ ಕುಯ್ದು ಮಾರಿದ ಮೇಲೆ ಮಾರ್ಚಿಗೆ ದುಡ್ಡು.

ಬಡ್ಡಿಬಸವ · 10:19

ಮಾರ್ಚಿನಲ್ಲಿ ಒಟ್ಟಿಗೆ ಕಟ್ಟಿದ್ರೆ ಆ 1% ತಪ್ಪುತ್ತೆ, ಯಾಕಂದ್ರೆ ಬಡ್ಡಿ ಬಿದ್ದ ಬಿದ್ದ ತಿಂಗಳೇ ಕಟ್ಟಿರ್ಬೇಕು. ಕಾಫಿ ದುಡ್ಡು ಬಂದಾಗ ವರ್ಷದ ಬಡ್ಡಿಯಷ್ಟನ್ನ ಬೇರೆ ಉಳಿತಾಯ ಖಾತೆಗೆ ಹಾಕಿ, ತಿಂಗಳಿಗೆ 2,083ರಂತೆ ಸಾಲದ ಖಾತೆಗೆ ತಾನಾಗೇ ಹೋಗೋ ಹಾಗೆ ಸೂಚನೆ ಕೊಡಿ. ಎರಡನೇ ವರ್ಷ 4,167, ಆಮೇಲೆ 6,250. ಮೊತ್ತ ಬದಲಿಸೋದನ್ನ ಮರೀಬೇಡಿ, ಹೆಚ್ಚಿನವರು ಎಡವೋದು ಅಲ್ಲೇ. ಒಳ್ಳೇ ರೇಟು ಬಂದ ವರ್ಷ ಅಸಲಿಗೂ ಸ್ವಲ್ಪ ಕಟ್ಟಿ, ಫ್ಲೋಟಿಂಗ್ (ಬಡ್ಡಿ ಏರಿಳಿಯೋ) ಸಾಲಕ್ಕೆ ಮುಂಗಡ ಪಾವತಿ ದಂಡ ಇಲ್ಲ.

ಗೋಣಿಕೊಪ್ಪ_ಗುಬ್ಬಿ · 10:25

ಸರಿ, ಎರಡನೇ ದಾರಿಗೆ ನನ್ನದೂ ಅರ್ಧ ಮತ. ಎಂಸಿಜೆ ಆದ್ರೆ ಎನ್‌ಇಟಿ, ಕೆ-ಸೆಟ್‌ ಅನ್ನೋ ಉಪನ್ಯಾಸಕರ ಅರ್ಹತಾ ಪರೀಕ್ಷೆಗೆ ಕೂರಬಹುದು. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ರೆ ತಿಂಗಳಿಗೆ 37 ಸಾವಿರ. ವಾರ್ತಾ ಇಲಾಖೆಯ ಹುದ್ದೆ ಕರೆದಾಗಲೂ ಆ ಪದವಿ ನೆರವಿಗೆ ಬರುತ್ತೆ. ಬರೀ ಬಿಎಗೆ ಈ ಬಾಗಿಲು ತೆರೆಯೋದು ಕಡಿಮೆ.

ಇಲ್ಲಿದ್ರೂ ಸುಮ್ನೆ ಕೂರಬಾರದು. ಮಡಿಕೇರಿಯಲ್ಲೇ ಆಕಾಶವಾಣಿ ಇದೆ, "ಶಕ್ತಿ"ಯಂಥ 1957ರಿಂದ ನಡೀತಿರೋ ದಿನಪತ್ರಿಕೆ ಇದೆ. ವರ್ಷಕ್ಕೆ ಇಪ್ಪತ್ತು ಬೈಲೈನ್ (ತನ್ನ ಹೆಸರಲ್ಲಿ ಬಂದ ಸುದ್ದಿ), ಕನ್ನಡದ ಜೊತೆ ಕೊಡವ ತಕ್ಕ್ ಅಥವಾ ಅರೆಭಾಷೆಯಲ್ಲಿ ನಾಲ್ಕು ಆಡಿಯೊ. ಬೆಂಗಳೂರಿನ ಹುಡುಗರ ಫೈಲಲ್ಲಿ ಇದು ಇರಲ್ಲ.

ಮಡಿಕೇರಿ_ಮಂಜು · 10:34

ಬೈಬೇಡಿ. ಸೀಟು ಹೋಗುತ್ತೆ ಅಂತ ಹೆದರಿಸಿದ್ರು, ಬೆಂಗಳೂರಿಗೆ 50 ಸಾವಿರ ಆಗಲೇ ಕಟ್ಟಿಯಾಗಿದೆ.

ಸೋಮಾರಿಪೇಟೆ · 10:35

ಅಯ್ಯೋ ಮಾರಾಯ್ರೆ! ಇದನ್ನ ಮೊದಲೇ ಹೇಳೋದಲ್ವಾ.

ಕೌಂಟರ್_ಮೂರು · 10:41

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ಫೀಸು ಮರುಪಾವತಿ ನಿಯಮ ಇದೆ. ಪ್ರವೇಶದ ಅಧಿಕೃತ ಕೊನೇ ದಿನಕ್ಕೆ 15 ದಿನ ಅಥವಾ ಹೆಚ್ಚು ಮುಂಚೆ ಬಿಟ್ರೆ ಪೂರ್ತಿ ಫೀಸು ವಾಪಸ್, ಸಂಸ್ಕರಣಾ ಶುಲ್ಕ ಅಂತ 5%, ಅದೂ 5,000 ಮೀರದಂತೆ ಹಿಡಿಯಬಹುದು. 15 ದಿನಕ್ಕಿಂತ ಕಡಿಮೆ ಇದ್ರೆ 90%. ಕೊನೇ ದಿನ ಕಳೆದು 15 ದಿನದೊಳಗೆ 80%, 30 ದಿನದೊಳಗೆ 50%, ಆಮೇಲೆ ಏನೂ ಇಲ್ಲ. ಕೊನೇ ದಿನ ಯಾವುದು?

ಮಡಿಕೇರಿ_ಮಂಜು · 10:43

ಬರೋ ತಿಂಗಳು 10. ಇನ್ನೂ 19 ದಿನ ಇದೆ.

ಕೌಂಟರ್_ಮೂರು · 10:45

ಹಾಗಾದ್ರೆ ನಾಲ್ಕು ದಿನದೊಳಗೆ ಬರೆದು ಕಳಿಸಿ. ಫೋನ್ ಮಾಡ್ಬೇಡಿ, "ಮ್ಯಾಮ್ ರಜೆಯಲ್ಲಿದ್ದಾರೆ" ಅಂತ ದಿನ ದೂಡ್ತಾರೆ. ಇಮೇಲ್, ಅದರಲ್ಲಿ ಅರ್ಜಿ ಸಂಖ್ಯೆ, ರಸೀದಿಯ ಪ್ರತಿ, "ಪ್ರವೇಶ ಹಿಂಪಡೆಯುತ್ತಿದ್ದೇವೆ" ಅನ್ನೋ ಒಂದು ಸ್ಪಷ್ಟ ವಾಕ್ಯ. ಮಗಳ ಐಡಿಯಿಂದ ಕಳಿಸಿ, ಅರ್ಜಿದಾರಳು ಅವಳೇ. ಮೂಲ ಅಂಕಪಟ್ಟಿ ಕೊಟ್ಟಿದ್ರೆ ಅದನ್ನೂ ವಾಪಸ್ ಕೇಳಿ, ಇಟ್ಕೊಳ್ಳೋ ಹಕ್ಕು ಅವರಿಗಿಲ್ಲ.

ಮಡಿಕೇರಿ_ಮಂಜು · 10:52

ಮಗಳ ಹತ್ರ ಇನ್ನೂ ಮಾತಾಡ್ಬೇಕು, ಅದು ಬೇರೆ ಯುದ್ಧ. ಬಡ್ಡಿಬಸವ ಅವರ 9.75ರ ಲೆಕ್ಕ ಕಾಗದದ ಮೇಲೆ ಬರೆದು ಅವಳ ಟೇಬಲ್ ಮೇಲೆ ಇಟ್ಟಿದ್ದೀನಿ. ಇಲ್ಲಿ ಮಳೆಗೆ ಕರೆಂಟ್ ಹೋಗಿ ಎರಡು ಗಂಟೆ ಆಯ್ತು, ಫೋನಲ್ಲಿ 6% ಇದೆ. ಇಮೇಲ್ ನಾಳೆ.

ಹಾರಂಗಿ_ಹಿನ್ನೀರು · 10:53

ನಾಳೆ ಕರೆಂಟ್ ಬಂದ್ರೆ ಅನ್ನಿ.